ಒಂದು ಮೊಬೈಲ್, 42 ಮಕ್ಕಳು: ತರಗತಿಯ ತಂತ್ರಜ್ಞಾನದ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳ ಪ್ರಶ್ನೆಗಳೆಲ್ಲ ಶಾಲೆಗಳಿಂದಲೇ ಬಂದಿವೆ. ಪ್ರೊಜೆಕ್ಟರ್ ಬಂದಿದೆ, ಟಿವಿ ಬಂದಿದೆ, ಶಿಕ್ಷಕರ ಕೈಯಲ್ಲಿ ಮೊಬೈಲ್ ಇದೆ. ಇವನ್ನು ಪಾಠಕ್ಕೆ ಹೊಂದಿಸುವುದು ಹೇಗೆ ಎಂಬುದೇ ಎಲ್ಲರ ಕಳವಳ. ನಮ್ಮ ಉತ್ತರಗಳ ಹಿಂದೆ ಒಂದು ನಿಲುವಿದೆ, ಮೊದಲೇ ಹೇಳಿಬಿಡುತ್ತೇವೆ: ಯಂತ್ರ ಶಿಕ್ಷಕರ ಕೈಯಲ್ಲೇ ಉಳಿದರೆ ಮಕ್ಕಳು ಪ್ರೇಕ್ಷಕರಾಗಿಯೇ ಉಳಿಯುತ್ತಾರೆ. ಊಹಿಸುವ, ಅಳೆಯುವ, ಆಯುವ, ಹೊಂದಿಸುವ ಕೆಲಸ ಅವರ ಪಾಲಿಗೆ ಬರಬೇಕು.

ಪ್ರಶ್ನೆ: ನಮ್ಮ ಪ್ರೌಢಶಾಲೆಗೆ ಪ್ರೊಜೆಕ್ಟರ್ ಬಂದು ಎರಡು ವರ್ಷ ಆತು. ವಿಜ್ಞಾನದ ವಿಡಿಯೊ ಹಚ್ಚಿದ್ರ ಹುಡುಗರು ಸಿನಿಮಾ ನೋಡಿದಂಗ ನೋಡ್ತಾರ್ರಿ. ಮರುದಿನ ಕೇಳಿದ್ರ ಏನೂ ನೆನಪ ಇರಂಗಿಲ್ಲ. ಹಿಂದಿನ ಬೆಂಚಿಗೆ ಸರಿಯಾಗಿ ಕಾಣೂದೂ ಇಲ್ಲ. ಏನು ಮಾಡಬೇಕು? (ವಿಜ್ಞಾನ ಶಿಕ್ಷಕ, ಇಂಡಿ ತಾಲ್ಲೂಕು)

ಉತ್ತರ: ಮೊದಲು ವಿಡಿಯೊದ ಉದ್ದ ಕಡಿಮೆ ಮಾಡಿ. 25 ನಿಮಿಷದ ವಿಡಿಯೊದಲ್ಲಿ ನಿಮ್ಮ ಪಾಠಕ್ಕೆ ಬೇಕಾದದ್ದು ಸಾಮಾನ್ಯವಾಗಿ 3-4 ನಿಮಿಷ. ಆ ತುಣುಕು ಎಲ್ಲಿಂದ ಎಲ್ಲಿಯವರೆಗೆ ಎಂದು ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ಅದರೊಳಗೆ ಮೂರು ಕಡೆ ನಿಲ್ಲಿಸುವ ಜಾಗ ಗುರುತು ಮಾಡಿ. ನಿಲ್ಲಿಸುವ ಜಾಗ ಘಟನೆ ಮುಗಿದ ಮೇಲೆ ಇರಬಾರದು, ಘಟನೆ ನಡೆಯುವ ಒಂದು ಕ್ಷಣ ಮೊದಲು ಇರಬೇಕು.

ಹೃದಯದ ರಕ್ತಸಂಚಾರವನ್ನೇ ತೆಗೆದುಕೊಳ್ಳಿ. ಮೊದಲ ಸಲ ಧ್ವನಿ ಪೂರ್ತಿ ಬಂದ್ ಮಾಡಿ ತೋರಿಸಿ. ಹೃತ್ಕರ್ಣದಿಂದ (ಮೇಲಿನ ಕೋಣೆ) ಹೃತ್ಕುಕ್ಷಿಗೆ (ಕೆಳಗಿನ ಕೋಣೆ) ರಕ್ತ ಇಳಿದು ತುಂಬಿದ ಕೂಡಲೇ ನಿಲ್ಲಿಸಿ. ‘ಹೃತ್ಕುಕ್ಷಿ ಈಗ ಸಂಕುಚಿಸುತ್ತದೆ. ಯಾವ ಕವಾಟ ಮುಚ್ಚಬೇಕು, ಯಾವುದು ತೆರೆಯಬೇಕು?’ ಎಂದು ಕೇಳಿ, ಒಂದು ನಿಮಿಷ ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆಸಿ. ಬಾಯಿಮಾತಿನಲ್ಲಿ ಕೇಳಿದರೆ ಮುಂದಿನ ಬೆಂಚಿನ ನಾಲ್ವರು ಮಾತ್ರ ಉತ್ತರ ಹೇಳುತ್ತಾರೆ, ಬರೆಸಿದರೆ ಎಲ್ಲರೂ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಆಮೇಲೆ ವಿಡಿಯೊ ಮುಂದೆ ಓಡಿಸಿ. ತಾನು ಬರೆದದ್ದು ಸರಿಯೋ ತಪ್ಪೋ ಎಂದು ನೋಡುವ ಮಗು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ವಿಎಲ್‌ಸಿ ಪ್ಲೇಯರ್‌ನಲ್ಲಿ ಸ್ಪೇಸ್ ಕೀ ಒತ್ತಿದರೆ ವಿಡಿಯೊ ನಿಲ್ಲುತ್ತದೆ. ಇಂಗ್ಲಿಷಿನ ‘ಇ’ ಕೀ ಒತ್ತುತ್ತ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ, ಕವಾಟ ಮುಚ್ಚುವುದನ್ನು ನಿಧಾನವಾಗಿ ತೋರಿಸಬಹುದು.

ಎರಡನೇ ಸಲ ನಿಮ್ಮದೇ ಕನ್ನಡದ ವಿವರಣೆ ಕೊಡಿ. ಮೂರನೇ ಸಲ ಒಬ್ಬ ವಿದ್ಯಾರ್ಥಿ ನಿಂತು ವಿವರಣೆ ಹೇಳಲಿ. ಇಷ್ಟಕ್ಕೂ ಸೇರಿ 25 ನಿಮಿಷ ಸಾಕು. ಇನ್ನೊಂದು ಮಾತು. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ರಿಚರ್ಡ್ ಮೇಯರ್ ಹಲವು ಪ್ರಯೋಗಗಳಲ್ಲಿ ಕಂಡಂತೆ, ಚಿತ್ರ ಓಡುತ್ತಿರುವಾಗ ಅದೇ ಮಾತು ಕಿವಿಗೂ ಬಿದ್ದು, ಅದೇ ಮಾತು ಅಕ್ಷರವಾಗಿ ಪರದೆಯ ಮೇಲೂ ಇದ್ದರೆ ಕಲಿಕೆಗೆ ತೊಡಕಾಗುತ್ತದೆ. ಕಣ್ಣು ಚಿತ್ರ ಬಿಟ್ಟು ಅಕ್ಷರದ ಬೆನ್ನು ಹತ್ತುತ್ತದೆ. ಆದ್ದರಿಂದ ವಿವರಣೆ ಪೂರ್ತಿ ಪರದೆಯ ಮೇಲೆ ಬೇಡ. ಹೊಸ ಪದಗಳನ್ನು ಮಾತ್ರ ಪಕ್ಕದ ಕಪ್ಪುಹಲಗೆಯ ಮೇಲೆ ಬರೆದಿಡಿ.

ಹಿಂದಿನ ಬೆಂಚಿನ ವಿಷಯ. ಕೊನೆಯ ಬೆಂಚು ಪರದೆಯಿಂದ ಎಷ್ಟು ದೂರವಿದೆಯೋ ಅದರ ಆರನೇ ಒಂದು ಪಾಲಿನಷ್ಟು ಚಿತ್ರದ ಎತ್ತರ ಇರಬೇಕು. ಕೋಣೆ 7.5 ಮೀಟರ್ ಉದ್ದವಿದ್ದರೆ ಎತ್ತರ 1.25 ಮೀಟರ್. ಅದಕ್ಕಿಂತ ದೊಡ್ಡದು ಮಾಡುವ ಆಸೆ ಬೇಡ, ಏಕೆಂದರೆ ಅಗಲ ಮತ್ತು ಎತ್ತರ ಎರಡನ್ನೂ ದುಪ್ಪಟ್ಟು ಮಾಡಿದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಕಿಟಕಿ ಬೆಳಕು ಇರುವ ಕೋಣೆಗೆ ಸುಮಾರು 3000 ಎಎನ್‌ಎಸ್‌ಐ ಲ್ಯೂಮೆನ್ (ಪ್ರೊಜೆಕ್ಟರ್ ಬೆಳಕಿನ ಪ್ರಮಾಣಿತ ಅಳತೆ) ಬೇಕು. ಅಗ್ಗದ ಪ್ರೊಜೆಕ್ಟರಿನ ಡಬ್ಬಿಯ ಮೇಲೆ ‘9000 ಲ್ಯೂಮೆನ್’ ಎಂದಿದ್ದರೂ ಎಎನ್‌ಎಸ್‌ಐ ಎಂಬ ಮಾತಿಲ್ಲದಿದ್ದರೆ ನಂಬಬೇಡಿ. ನಿಮ್ಮಲ್ಲಿ ಮೊದಲು ಚೆನ್ನಾಗಿದ್ದ ಬೆಳಕು ಈಗ ಮಂಕಾಗಿದ್ದರೆ ಫಿಲ್ಟರ್ ನೋಡಿ. ನಿಮ್ಮ ಕಡೆಯ ಎರೆಮಣ್ಣಿನ ನುಣುಪು ಧೂಳು ಬೇಸಿಗೆಯಲ್ಲಿ ಹದಿನೈದೇ ದಿನಕ್ಕೆ ಫಿಲ್ಟರ್ ಕಟ್ಟುತ್ತದೆ. ಒಳಗೆ ಬಿಸಿ ಏರಿ ಪ್ರೊಜೆಕ್ಟರ್ ತಾನಾಗಿಯೇ ಆರುತ್ತದೆ, ಲ್ಯಾಂಪಿನ ಆಯುಷ್ಯವೂ ಕಡಿಮೆಯಾಗುತ್ತದೆ. ಫ್ಯಾನ್ ಪೂರ್ತಿ ನಿಂತ ಮೇಲೆ ಪ್ಲಗ್ ತೆಗೆದು, ಮೆತ್ತನೆ ಬ್ರಷ್‌ನಿಂದ ಒರೆಸಿ.

ಪ್ರಶ್ನೆ: 9ನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಇರುವುದು ನನ್ನದೊಂದು ಮೊಬೈಲ್, ಶಾಲೆಯದೊಂದು ಹಳೆಯ ಲ್ಯಾಪ್‌ಟಾಪ್. ನಮ್ಮೂರಿನ ಖಣದ (ಕುಪ್ಪಸದ ಬಟ್ಟೆ) ನೇಕಾರಿಕೆಯ ಬಗ್ಗೆ ಮಕ್ಕಳಿಂದಲೇ ಕಿರುಚಿತ್ರ ಮಾಡಿಸುವ ಆಸೆಯಿದೆ. ಸಾಧ್ಯವೇ? (ಕನ್ನಡ ಶಿಕ್ಷಕಿ, ಗುಳೇದಗುಡ್ಡ)

ಉತ್ತರ: ಖಂಡಿತ ಸಾಧ್ಯ, ಆದರೆ ವಿಡಿಯೊ ಬೇಡ. 8 ಸ್ಥಿರಚಿತ್ರ, 2 ನಿಮಿಷದ ಧ್ವನಿ, ಇಷ್ಟರಲ್ಲೇ ಮಾಡಿಸಿ. ಕಾರಣ ಸರಳ. ಮೊಬೈಲಿನಲ್ಲಿ ಒಂದು ನಿಮಿಷದ ಫುಲ್ ಎಚ್‌ಡಿ ವಿಡಿಯೊ ಸುಮಾರು 130 ಎಂಬಿ ನುಂಗುತ್ತದೆ. ಒಂದು ನಿಮಿಷದ ಧ್ವನಿಗೆ 1 ಎಂಬಿ, ಒಂದು ಫೋಟೊಗೆ 3-4 ಎಂಬಿ ಸಾಕು. ಏಳು ಗುಂಪುಗಳ ವಿಡಿಯೊ ಹಾಕಿದರೆ ಮೊಬೈಲ್ ತುಂಬುತ್ತದೆ, ಹಳೆಯ ಲ್ಯಾಪ್‌ಟಾಪ್ ಒದ್ದಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಟೇ ಚಿತ್ರ ಎಂದಾಗ ಯಾವುದನ್ನು ಬಿಡಬೇಕು, ಯಾವುದನ್ನು ಇಡಬೇಕು ಎಂದು ಮಕ್ಕಳು ಜಗಳವಾಡುತ್ತಾರೆ. ಆ ಜಗಳವೇ ನಿಮಗೆ ಬೇಕಾದ ಕಲಿಕೆ.

ಆರು ಮಕ್ಕಳ ಏಳು ಗುಂಪು ಮಾಡಿ. ಇಬ್ಬರು ಪ್ರಶ್ನೆ ಕೇಳುವವರು, ಒಬ್ಬರು ಧ್ವನಿ, ಒಬ್ಬರು ಚಿತ್ರ, ಒಬ್ಬರು ಟಿಪ್ಪಣಿ, ಒಬ್ಬರು ಕೊನೆಗೆ ಹೊಂದಿಸುವವರು. ವಿಷಯವನ್ನೂ ಏಳಾಗಿ ಒಡೆಯಿರಿ: ನೂಲಿಗೆ ಬಣ್ಣ ಹಾಕುವುದು, ಹಾಸು ಹೂಡುವುದು, ಹೊಕ್ಕಿನ ನೂಲು ಸುತ್ತುವುದು, ಮಗ್ಗದ ಮೇಲಿನ ಕೆಲಸ, ಅಂಚು ಮತ್ತು ಬುಟ್ಟಾಗಳ ಹೆಸರುಗಳು, ಮನೆಯ ಹೆಣ್ಣುಮಕ್ಕಳ ದುಡಿಮೆ, ಮಾರಾಟ. ಎಲ್ಲರೂ ‘ಖಣದ ಇತಿಹಾಸ’ ಎಂದು ಹೊರಟರೆ ಏಳು ಗುಂಪಿನಿಂದಲೂ ಒಂದೇ ಪ್ರಬಂಧ ಬರುತ್ತದೆ. ಇದು ಬಹಳ ಕಡೆ ಆಗುವ ತಪ್ಪು.

ಮೊದಲ ಎರಡು ಅವಧಿಗಳಲ್ಲಿ ಮೊಬೈಲ್ ಮುಟ್ಟಿಸಬೇಡಿ. ಒಂದು ಎ4 ಹಾಳೆಯನ್ನು ಮಡಚಿ ಎಂಟು ಚೌಕ ಮಾಡಿಸಿ. ಪ್ರತಿ ಚೌಕದಲ್ಲಿ ಮೇಲೆ ಚಿತ್ರದ ಗೀಚು, ಕೆಳಗೆ ಹೇಳುವ ಮಾತು. ಎರಡು ಚಿತ್ರ ದೂರದಿಂದ, ಮೂರು ನಡು ಅಂತರದಿಂದ, ಮೂರು ತೀರ ಹತ್ತಿರದಿಂದ ಎಂದು ಕಟ್ಟು ಹಾಕಿ. ಇಲ್ಲದಿದ್ದರೆ ಎಂಟೂ ಚಿತ್ರದಲ್ಲಿ ನೇಕಾರರು ಕ್ಯಾಮೆರಾ ನೋಡುತ್ತ ನಿಂತಿರುತ್ತಾರೆ. ಕುಣಿ ಮಗ್ಗದಲ್ಲಿ ಕಾಲು ಕುಣಿಯೊಳಗೆ, ಕೈ ಹಗ್ಗದ ಮೇಲೆ, ಲಾಳಿ ಹಾಸಿನ ನಡುವೆ ಓಡುತ್ತಿರುತ್ತದೆ. ನಿಂತು ತೆಗೆದರೆ ಇದ್ಯಾವುದೂ ಕಾಣದು. ನೆಲಕ್ಕೆ ಕೂತು, ಮೊಬೈಲನ್ನು ಬಟ್ಟೆಯ ಮಟ್ಟಕ್ಕೆ ಇಳಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಂಡು ತೆಗೆಯಬೇಕು. ಫ್ಲ್ಯಾಶ್ ಹಾಕಿದರೆ ರೇಷ್ಮೆ ಎಳೆ ಬೆಳ್ಳಗೆ ಹೊಳೆದು ಬುಟ್ಟಾದ ನೇಯ್ಗೆ ಅಳಿಸಿಹೋಗುತ್ತದೆ.

ಧ್ವನಿಯಲ್ಲೇ ಹೆಚ್ಚು ಕೆಲಸ ಕೆಡುವುದು. ಮಗ್ಗ ನಡೆಯುತ್ತಿರುವಾಗಲೇ ಸಂದರ್ಶನ ಮಾಡಿದರೆ ಮಾತು ಕೇಳಿಸದು. ಮಗ್ಗ ನಿಲ್ಲಿಸಿ ಮಾತು, ಆಮೇಲೆ ಮಗ್ಗದ ಸದ್ದನ್ನೇ ಬೇರೆಯಾಗಿ 30 ಸೆಕೆಂಡ್, ಕೊನೆಗೆ ಯಾರೂ ಮಾತಾಡದ ಖಾಲಿ ಕೋಣೆಯ ಸದ್ದು 10 ಸೆಕೆಂಡ್ ಮುದ್ರಿಸಲಿ. ಈ ಖಾಲಿ ಸದ್ದು ಆಮೇಲೆ ಎರಡು ಮಾತುಗಳ ನಡುವಿನ ಹೊಲಿಗೆ ಮುಚ್ಚಲು ಬೇಕಾಗುತ್ತದೆ. ಮೊಬೈಲ್ ಬಾಯಿಂದ ಒಂದು ಗೇಣು ದೂರ, ನೇರ ಮುಂದೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ನೇರ ಹಿಡಿದರೆ ‘ಪ’, ‘ಫ’, ‘ಭ’ ಅಕ್ಷರಗಳಲ್ಲಿ ಉಸಿರು ಬಡಿದು ಸದ್ದು ಒಡೆಯುತ್ತದೆ. ಮುದ್ರಣಕ್ಕೆ ಮೊದಲು ಏರೋಪ್ಲೇನ್ ಮೋಡ್ ಹಾಕಲಿ. ನೇಕಾರರ ಮಾತು ಅವರ ಆಡುಮಾತಿನಲ್ಲೇ ಇರಲಿ. ಗ್ರಂಥಸ್ಥ ಕನ್ನಡದಲ್ಲಿ ಹೇಳಿ ಎಂದು ಮಕ್ಕಳು ಒತ್ತಾಯಿಸಿದರೆ ಮಾತೂ ಸಾಯುತ್ತದೆ, ಕಸುಬಿನ ಪದಗಳೂ ಸಿಕ್ಕುವುದಿಲ್ಲ.

ಜೋಡಣೆಗೆ ಓಪನ್‌ಶಾಟ್ ಅಥವಾ ಶಾಟ್‌ಕಟ್ ಸಾಕು, ಎರಡೂ ಉಚಿತ. ಮೊದಲು 2 ನಿಮಿಷದ ಧ್ವನಿಯನ್ನು ಪೂರ್ತಿ ಸಿದ್ಧಮಾಡಿ, ಆಮೇಲೆ ಅದರ ಮೇಲೆ ಚಿತ್ರ ಹಾಸಿ. ಚಿತ್ರ ಮೊದಲು ಹಾಕಿದವರು ಮಾತನ್ನು ಕತ್ತರಿಸುತ್ತ ಹೈರಾಣಾಗುತ್ತಾರೆ. 720ಪಿ ಗಾತ್ರದಲ್ಲಿ ಹೊರತೆಗೆಯಿರಿ. ಒಟ್ಟು ಆರು ಅವಧಿ ಮತ್ತು ಶನಿವಾರದ ಒಂದು ಬೆಳಗು ಬೇಕಾದೀತು. ಅಂಕ 20 ಇಟ್ಟರೆ 8 ವಿಷಯದ ನಿಖರತೆಗೆ, 5 ಕೇಳಿದ ಪ್ರಶ್ನೆಗಳಿಗೆ, 4 ಧ್ವನಿಯ ಸ್ಪಷ್ಟತೆಗೆ, 3 ಚಿತ್ರಕ್ಕೆ ಕೊಡಿ. ಹಾಡು, ಹಾರಾಡುವ ಅಕ್ಷರ, ಬಣ್ಣದ ಕಸರತ್ತಿಗೆ ಅಂಕವಿಲ್ಲ ಎಂದು ಮೊದಲೇ ಹೇಳಿ.

ಪ್ರಶ್ನೆ: ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ದರೆ ಕೂಗಿ ಬರುತ್ತಾರೆ, ಅಷ್ಟೇ. 9ನೇ ತರಗತಿಯ ‘ಶಬ್ದ’ ಪಾಠಕ್ಕೆ ಮೊಬೈಲ್ ಬಳಸಿ ಅಲ್ಲಿ ಏನಾದರೂ ಅಳೆಸಬಹುದೇ? (ಶಿಕ್ಷಕಿ, ವಿಜಯಪುರ)

ಉತ್ತರ: ಅಳೆಸಬಹುದು, ಆದರೆ ಮೊದಲು ಶಾಲೆಯ ಮೈದಾನದಲ್ಲಿ ಶಬ್ದದ ವೇಗ ಅಳೆಸಿ. ಜರ್ಮನಿಯ ಆಕೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ ‘ಅಕೌಸ್ಟಿಕ್ ಸ್ಟಾಪ್‌ವಾಚ್’ ಎಂಬ ಸಾಧನ ಒಂದು ಸದ್ದಿಗೆ ಶುರುವಾಗಿ ಮುಂದಿನ ಸದ್ದಿಗೆ ನಿಲ್ಲುತ್ತದೆ. ಎರಡು ಮೊಬೈಲ್‌ಗಳನ್ನು ಟೇಪ್ ಹಿಡಿದು ಸರಿಯಾಗಿ 10 ಮೀಟರ್ ದೂರದಲ್ಲಿ ಇಡಿ. ಮೊದಲ ಮೊಬೈಲಿನ ಪಕ್ಕದವರು ಚಪ್ಪಾಳೆ ತಟ್ಟಲಿ, ಎರಡೂ ಶುರುವಾಗುತ್ತವೆ. ಎರಡು ಸೆಕೆಂಡ್ ಬಿಟ್ಟು ಎರಡನೇ ಮೊಬೈಲಿನ ಪಕ್ಕದವರು ತಟ್ಟಲಿ, ಎರಡೂ ನಿಲ್ಲುತ್ತವೆ. ಮೊದಲನೆಯದು ಹೆಚ್ಚು ಸಮಯ ತೋರಿಸುತ್ತದೆ. ಆ ವ್ಯತ್ಯಾಸ, ಶಬ್ದವು 20 ಮೀಟರ್ ಹೋಗಲು ಹಿಡಿದ ಕಾಲ. ಒಂದರಲ್ಲಿ 2.318, ಇನ್ನೊಂದರಲ್ಲಿ 2.261 ಬಂದಿದ್ದರೆ ವ್ಯತ್ಯಾಸ 0.057 ಸೆಕೆಂಡ್. 20 ಭಾಗಿಸು 0.057, ಅಂದರೆ ಸೆಕೆಂಡಿಗೆ ಸುಮಾರು 351 ಮೀಟರ್. ಸೂತ್ರದ ಪ್ರಕಾರ 30 ಡಿಗ್ರಿ ಸೆಲ್ಸಿಯಸ್‌ಗೆ 331 ಕೂಡಿಸು 18 (ಡಿಗ್ರಿಗೆ 0.6ರಂತೆ), ಅಂದರೆ 349.

ಉತ್ತರ ವಿಚಿತ್ರವಾಗಿ ಬಂದರೆ ಕಾರಣ ಮೂರು: ಗದ್ದಲಕ್ಕೇ ಗಡಿಯಾರ ಶುರುವಾಗಿರುತ್ತದೆ (ಥ್ರೆಶೋಲ್ಡ್, ಅಂದರೆ ಗಡಿಯಾರ ಶುರುವಾಗಲು ಬೇಕಾದ ಸದ್ದಿನ ಮಟ್ಟ, ಏರಿಸಿ), ಮೊದಲ ಚಪ್ಪಾಳೆಯ ಪ್ರತಿಧ್ವನಿಗೇ ನಿಂತಿರುತ್ತದೆ (ಮಿನಿಮಮ್ ಡಿಲೇ 0.3 ಸೆಕೆಂಡ್ ಇಡಿ), ಇಲ್ಲವೇ ತಟ್ಟುವವರು ಮೊಬೈಲಿನಿಂದ ಒಂದು ಮಾರು ಆಚೆ ನಿಂತಿರುತ್ತಾರೆ. ಐದು ಸಲ ಮಾಡಿಸಿ ಸರಾಸರಿ ತೆಗೆಸಿ.

ಈಗ ಗುಮ್ಮಟಕ್ಕೆ ಹೋಗಿ. 1656ರಲ್ಲಿ ಮುಗಿದ ಈ ಕಟ್ಟಡದ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಬೆಳಿಗ್ಗೆ ಜನ ಸೇರುವ ಮೊದಲು ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬರೇ ಒಂದೇ ಒಂದು ಚಪ್ಪಾಳೆ ತಟ್ಟಿ, 10 ಸೆಕೆಂಡ್ ಎಲ್ಲರೂ ಉಸಿರು ಬಿಗಿಹಿಡಿದು ಮುದ್ರಿಸಲಿ. ಹೋಗುವ ಮೊದಲೇ ಮಕ್ಕಳಿಂದ ಎರಡು ಊಹೆ ಬರೆಸಿ. ಶಬ್ದ ಎದುರಿನ ಗೋಡೆಗೆ ಹೋಗಿ ಮರಳಿದರೆ 76 ಮೀಟರ್, ಅಂದರೆ 0.22 ಸೆಕೆಂಡ್. ಗೋಡೆಗುಂಟ ಪೂರ್ತಿ ಸುತ್ತಿ ಬಂದರೆ 119 ಮೀಟರ್, 0.34 ಸೆಕೆಂಡ್. ಮರಳಿ ಬಂದು ಮುದ್ರಣವನ್ನು ಆಡಾಸಿಟಿ ಎಂಬ ಉಚಿತ ಧ್ವನಿ ತಂತ್ರಾಂಶದಲ್ಲಿ ತೆರೆದು, ಅಲೆಯ ಎರಡು ಶಿಖರಗಳ ನಡುವಿನ ಅಂತರ ಅಳೆಯಲಿ. ಯಾವ ಊಹೆಗೆ ಹತ್ತಿರ, ಎರಡಕ್ಕೂ ಹೊಂದದ ಶಿಖರಗಳು ಎಲ್ಲಿಂದ ಬಂದವು ಎಂಬ ಚರ್ಚೆಗೇ ಒಂದು ಅವಧಿ ಕೊಡಿ. ಮೊಬೈಲಿನ ರೆಕಾರ್ಡರ್‌ನಲ್ಲಿ ಗದ್ದಲ ತಗ್ಗಿಸುವ ವ್ಯವಸ್ಥೆ ಆನ್ ಇದ್ದರೆ ಅದು ಪ್ರತಿಧ್ವನಿಯನ್ನೇ ಅಳಿಸಿಬಿಡಬಹುದು, ಮೊದಲೇ ಆಫ್ ಮಾಡಿ. ಫೈಲ್ ವೇವ್ ರೂಪದಲ್ಲಿ ಉಳಿಸಿ. ಎಂ4ಎ ಆದರೆ ವಿಂಡೋಸ್‌ನ ಆಡಾಸಿಟಿ ಎಫ್‌ಎಫ್‌ಎಂಪೆಗ್ ಎಂಬ ಜೊತೆ ತಂತ್ರಾಂಶ ಇಲ್ಲದೆ ತೆರೆಯುವುದಿಲ್ಲ.

ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿದ ಪಾಠ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಗೀಚಿನಂತೆ ಕಾಣುತ್ತದೆ. ವಿಡಿಯೊದಲ್ಲಿ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. (ಶಿಕ್ಷಕ, ಹುಕ್ಕೇರಿ)

ಉತ್ತರ: ಇವು ಎರಡು ಬೇರೆ ರೋಗ. ಮೊದಲನೆಯದು ಹಳೆಯ ನುಡಿ ಫಾಂಟಿನದು. ಅಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷೇ ಕಾಣುತ್ತದೆ. ಆಸ್ಕಿಯಿಂದ (ಈ ಹಳೆಯ ಪದ್ಧತಿ) ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಓದುವ ಪದ್ಧತಿ) ಬದಲಿಸುವ ಪರಿವರ್ತಕದಲ್ಲಿ ಹಾಕಿ. ಬದಲಿಸುವ ಮೊದಲು ಫೈಲಿನಲ್ಲಿರುವ ನಿಜವಾದ ಇಂಗ್ಲಿಷ್ ಪದಗಳನ್ನು ಬೇರೆ ತೆಗೆದಿಡಿ, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಬರುವ ಪದಗಳನ್ನು (ಸೂರ್ಯ, ಕಾರ್ಯ, ವರ್ಷ) ಕಣ್ಣಾರೆ ಪರೀಕ್ಷಿಸಿ. ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಎರಡನೆಯದಕ್ಕೆ ಕಾರಣ, ಕೆಲವು ವಿಡಿಯೊ ತಂತ್ರಾಂಶಗಳಿಗೆ ವ್ಯಂಜನಗಳನ್ನು ಕೂಡಿಸಿ ಒತ್ತು ಮಾಡುವ ವಿದ್ಯೆ ಇಲ್ಲ. ಅಲ್ಲಿ ಗುದ್ದಾಡಬೇಡಿ. ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್‌ನಿಂದ ಸ್ಲೈಡ್ ಮಾಡಿ, ಪಿಎನ್‌ಜಿ ಚಿತ್ರವಾಗಿ ಉಳಿಸಿ, ವಿಡಿಯೊದಲ್ಲಿ ಚಿತ್ರದಂತೆ ಸೇರಿಸಿ. ಅಕ್ಷರ 32 ಪಾಯಿಂಟ್‌ಗಿಂತ ಕಡಿಮೆ ಬೇಡ. ಒತ್ತಕ್ಷರ ಕೆಳಸಾಲಿಗೆ ತಾಗದಂತೆ ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ.

ಪ್ರಶ್ನೆ: ನಮ್ಮದು ಕಾಡಂಚಿನ ಊರು, ಶಾಲೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಮಕ್ಕಳ ಮನೆಮಾತು ಹೆಚ್ಚಾಗಿ ಮರಾಠಿ, ಕೊಂಕಣಿ. ಏನು ಮಾಡಬಹುದು? (ಶಿಕ್ಷಕ, ಖಾನಾಪುರ ತಾಲ್ಲೂಕು)

ಉತ್ತರ: ನೆಟ್ ಇರುವ ಕಡೆ ಇಳಿಸಿಕೊಂಡು ಹೋಗುವುದೇ ದಾರಿ. ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬಂದ ವಿಡಿಯೊಗಳನ್ನು ಆ್ಯಪ್‌ನೊಳಗೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ಓಡುತ್ತವೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅಣಕುಪ್ರಯೋಗಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಎಚ್‌ಟಿಎಂಎಲ್5 ಗುರುತಿನ ಒಂದೊಂದೂ ಒಂದೇ ಫೈಲ್ ಆಗಿ ಇಳಿಯುತ್ತದೆ, ಪೆನ್‌ಡ್ರೈವ್‌ನಲ್ಲಿ ಒಯ್ದು ಕ್ರೋಮ್‌ನಲ್ಲಿ ತೆರೆದರೆ ಸಾಕು. ವಿದ್ಯುತ್ ಮಂಡಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಚಿತ ಸಾಧನ ನಮಗೆ ಕಂಡಿಲ್ಲ.

ಮೂರನೆಯದು ಕಿವಿಕ್ಸ್, ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಉಚಿತ ತಂತ್ರಾಂಶ. ಇದರಲ್ಲಿ ಕನ್ನಡ ವಿಕಿಪೀಡಿಯ, ಮರಾಠಿ ವಿಕಿಪೀಡಿಯ ಎರಡನ್ನೂ ಲ್ಯಾಪ್‌ಟಾಪ್‌ಗೆ ಪೂರ್ತಿ ಇಳಿಸಿಕೊಳ್ಳಬಹುದು. ಒಂದು ಸಾದಾ ವೈಫೈ ರೂಟರ್ ತಂದು, ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ, ಕಿವಿಕ್ಸ್‌ನ ಸ್ಥಳೀಯ ಸರ್ವರ್ ಶುರುಮಾಡಿ. ಪರದೆಯಲ್ಲಿ ತೋರಿಸುವ ಅಂಕಿಗಳ ವಿಳಾಸವನ್ನು ಮೊಬೈಲ್ ಅಥವಾ ಟ್ಯಾಬ್‌ನ ಬ್ರೌಸರ್‌ನಲ್ಲಿ ಬರೆದರೆ ಪುಟ ಬರುತ್ತದೆ. ಬರದಿದ್ದರೆ ಎರಡು ಕಡೆ ನೋಡಿ. ವಿಂಡೋಸ್ ಫೈರ್‌ವಾಲ್ ತಡೆದಿರುತ್ತದೆ, ‘ಪ್ರೈವೇಟ್ ನೆಟ್‌ವರ್ಕ್’ಗೆ ಅನುಮತಿ ಕೊಡಿ. ಇಲ್ಲವೇ ‘ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ’ ಎಂದು ಮೊಬೈಲ್ ತಾನಾಗಿಯೇ ಸಿಮ್ ಡೇಟಾಕ್ಕೆ ಜಿಗಿದಿರುತ್ತದೆ, ಡೇಟಾ ಬಂದ್ ಮಾಡಿ. ನಿಮ್ಮ ಮಕ್ಕಳ ಎರಡು ಭಾಷೆ ಇಲ್ಲಿ ದೊಡ್ಡ ಆಸ್ತಿ. ಮಲಪ್ರಭಾ ನದಿಯ ಲೇಖನವನ್ನು ಎರಡೂ ಭಾಷೆಯಲ್ಲಿ ಓದಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಸಂಗತಿಗಳನ್ನು ಪಟ್ಟಿಮಾಡಲಿ. ಆ ನದಿ ಹುಟ್ಟುವುದು ನಿಮ್ಮ ತಾಲ್ಲೂಕಿನ ಕಣಕುಂಬಿಯಲ್ಲೇ ಆದ್ದರಿಂದ ಬಿಟ್ಟುಹೋದದ್ದನ್ನು ಹೇಳಲು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಮಳೆಗಾಲ ಬಂತೆಂದರೆ ಹೊಳೆ ಬಂದ ವಿಡಿಯೊಗಳು ವಾಟ್ಸ್ಆ್ಯಪ್ ತುಂಬ. ಹಳೆಯದೋ ಹೊಸದೋ ತಿಳಿಯದೆ ಮಕ್ಕಳು ಹಂಚುತ್ತಾರೆ. ಇದನ್ನು ಪಾಠ ಮಾಡಬಹುದೇ? (ಸಮಾಜ ವಿಜ್ಞಾನ ಶಿಕ್ಷಕಿ, ಗೋಕಾಕ)

ಉತ್ತರ: ಮಾಡಲೇಬೇಕು. 2019ರ ಆಗಸ್ಟ್ ಪ್ರವಾಹ ಕಂಡ ಊರಿನಲ್ಲಿ ಸುಳ್ಳು ವಿಡಿಯೊ ಎಂದರೆ ನಿಜವಾದ ಭಯ. ಒಂದು ವಿಡಿಯೊ ಆರಿಸಿ, ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಸಿ. ನೆಟ್ ಬಳಸುವ ಮೊದಲು ಕಣ್ಣಿನ ಕೆಲಸ. ಅಂಗಡಿ ಬೋರ್ಡಿನ ಲಿಪಿ ಯಾವುದು? ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವು ಇದೆಯೇ? ಇದ್ದರೆ ಹುಡುಕುವವರಿಗೆ ಸಿಗದಿರಲೆಂದು ಯಾರೋ ಮಗುಚಿದ್ದಾರೆ. ವಾಹನದ ನಂಬರ್ ಓದಲಿ: ಕೆಎ 22 ಬೆಳಗಾವಿ, 23 ಚಿಕ್ಕೋಡಿ, 49 ಗೋಕಾಕ, 29 ಬಾಗಲಕೋಟೆ, ಎಂಎಚ್ 09 ಕೊಲ್ಹಾಪುರ, ಎಂಎಚ್ 10 ಸಾಂಗಲಿ. ಒಂದು ಲಾರಿ ಎಲ್ಲಿಗೆ ಬೇಕಾದರೂ ಹೋಗಬಹುದು, ಹತ್ತು ಬೈಕುಗಳ ನಂಬರ್ ಒಂದೇ ಊರಿನದಾದರೆ ಅದು ಸುಳಿವು.

ಆಮೇಲೆ ಮೂರೂ ಚಿತ್ರಗಳನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು, ಎಲ್ಲಕ್ಕಿಂತ ಹಳೆಯ ದಿನಾಂಕ ಹುಡುಕಿಸಿ. ಅಣೆಕಟ್ಟು ತುಂಬಿತೆಂಬ ಮಾತಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆ ದಿನದ ಜಲಾಶಯ ಮಟ್ಟ ನೋಡಲಿ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್. ಫಲಿತಾಂಶಕ್ಕೆ ಮೂರು ಕಾಲಂ ಇಡಿ: ನಿಜ, ಹಳೆಯದು, ಗೊತ್ತಾಗಲಿಲ್ಲ. ಲೆನ್ಸ್‌ನಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಮಕ್ಕಳು ‘ನಿಜ’ ಎಂದು ಬರೆಯುತ್ತಾರೆ, ಅದು ತಪ್ಪು. ಅಂಥದ್ದು ಮೂರನೇ ಕಾಲಂಗೆ ಹೋಗಬೇಕು, ಮೂರನೇ ಕಾಲಂನದ್ದನ್ನು ಯಾರೂ ಹಂಚಬಾರದು.

ಪ್ರಶ್ನೆ: ಟೈಪ್ ಸಿ ಯಿಂದ ಎಚ್‌ಡಿಎಂಐ ಕೇಬಲ್ ತಂದೆ, ಮೊಬೈಲ್ ಟಿವಿಯಲ್ಲಿ ಬರುತ್ತಿಲ್ಲ. ಕೇಬಲ್ ಕೆಟ್ಟಿದೆಯೇ? (ಶಿಕ್ಷಕ, ಮುಧೋಳ)

ಉತ್ತರ: ಬಹುಶಃ ಕೇಬಲ್ ಸರಿಯಾಗಿಯೇ ಇದೆ. ಟೈಪ್ ಸಿ ಕಿಂಡಿ ಇದ್ದ ಮಾತ್ರಕ್ಕೆ ಚಿತ್ರ ಹೊರಬರುವುದಿಲ್ಲ, ಮೊಬೈಲ್‌ಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇರಬೇಕು. ಕಡಿಮೆ ಬೆಲೆಯ ಬಹುತೇಕ ಮೊಬೈಲ್‌ಗಳಲ್ಲಿ ಅದಿಲ್ಲ. ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ, ಇಲ್ಲವೇ ಲ್ಯಾಪ್‌ಟಾಪ್ ಬಳಸಿ.

ಪ್ರಶ್ನೆ: ನನ್ನ ಮಗಳ ಶಾಲೆಯವರು ಮಕ್ಕಳು ಮಾಡಿದ ವಿಡಿಯೊಗಳನ್ನು ಯೂಟ್ಯೂಬಿಗೆ ಹಾಕುತ್ತಾರಂತೆ. ನಾವು ಏನು ಕೇಳಬೇಕು? (ಪಾಲಕರು, ಜಮಖಂಡಿ)

ಉತ್ತರ: ಲಿಖಿತ ಒಪ್ಪಿಗೆ ಪತ್ರ ಕೇಳಿ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಎಂಬುದು ಅದರ ತತ್ವ. ಪತ್ರದಲ್ಲಿ ಮೂರು ಪ್ರಶ್ನೆಗೆ ಬೇರೆ ಬೇರೆ ‘ಹೌದು’ ಅಥವಾ ‘ಇಲ್ಲ’ ಇರಲಿ: ಮಗುವಿನ ಮುಖ ಕಾಣಬಹುದೇ, ಹೆಸರು ಹಾಕಬಹುದೇ, ಶಾಲೆಯ ಹೊರಗಿನವರಿಗೆ ತೋರಿಸಬಹುದೇ. ಶಾಲೆಯ ಸಮವಸ್ತ್ರ, ಮನೆಯ ಓಣಿ, ಹಾಜರಿ ಪುಸ್ತಕ ಚಿತ್ರದಲ್ಲಿ ಬಂದಿದ್ದರೆ ತೆಗೆಸಿ. ಸಿನಿಮಾ ಹಾಡು ಸೇರಿಸಿದ್ದರೆ ಅದನ್ನೂ ತೆಗೆಸಿ. ಪಾಠದ ವೇಳೆ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಅವಕಾಶ ಕೊಡುತ್ತದೆ, ಆದರೆ ಯೂಟ್ಯೂಬಿಗೆ ಏರಿಸುವುದು ಬೇರೆಯೇ ಮಾತು. ಮಗಳಿಗೇ ಇಷ್ಟವಿಲ್ಲದಿದ್ದರೆ, ನೀವು ಸಹಿ ಹಾಕಿದ್ದರೂ, ಅವಳ ಭಾಗ ಕೈಬಿಡಲು ಹೇಳಿ.